ಬೆಸುಗೆಯಿಲ್ಲದ ತೋಳು

ಗ್ಯಾರೇಜಿನ ಮುಂದೆ ಲಾರಿಯಿಂದ ಕಾರು ಇಳಿಸುವಾಗ ಒಂದು ಹಲಗೆ ಪಕ್ಕಕ್ಕೆ ಸರಿಯಿತು. ವಹಾಬ ಬೋಲ್ಟು ಬಿಗಿಯುತ್ತಿದ್ದ ಪಾನಾ ಬಿಸಾಡಿ ಓಡಿಬಂದು ಎರಡೂ ಪಾದಗಳಿಂದ ಹಲಗೆಯನ್ನು ಒತ್ತಿ ಹಿಡಿದ. ಕಾರು ನೆಲಕ್ಕೆ ಬಂದು ನಿಂತ ಮೇಲೆಯೇ ಅವನು ಅದನ್ನು ಸರಿಯಾಗಿ ನೋಡಿದ್ದು. ಹಳದಿ ಬಣ್ಣ, ಎರಡೇ ಬಾಗಿಲು. ಬಲಗಡೆಯ ಮುಂಭಾಗಕ್ಕೆ ಹೊಸ ತಗಡು ಹಾಕಿಸಿದ್ದರು, ಬಣ್ಣ ಮಾತ್ರ ಬಳಿದಿರಲಿಲ್ಲ.

ಕ್ಯಾಬಿನ್ನಿನಿಂದ ಕಾಂತೇಶ ಹಿಮ್ಮುಖವಾಗಿ ಇಳಿದ. ಮೊದಲು ಬಲಗಾಲು ಊರಿ, ಆಮೇಲೆ ಎಡಗಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟ. ಮೊಣಕಾಲಿನ ಕೆಳಗೆ ಅದು ಕೃತಕ ಕಾಲು. ವಹಾಬ ಅದನ್ನು ನೋಡಿದ್ದು ಅಂದೇ ಮೊದಲು.

ಹದಿನಾಲ್ಕು ತಿಂಗಳ ಹಿಂದಿನವರೆಗೆ ಕಾಂತೇಶ ವಾರವೆಲ್ಲ ಸರಕಿನ ಟೆಂಪೊ ಓಡಿಸಿ, ರವಿವಾರ ಬಂತೆಂದರೆ ಶಹಾಪುರದ ಸುರಪುರ ರಸ್ತೆಯಲ್ಲಿದ್ದ ವಹಾಬನ ಗ್ಯಾರೇಜಿನಲ್ಲೇ ಇರುತ್ತಿದ್ದ. ಹೈದರಾಬಾದಿನಲ್ಲಿ ಡ್ರಿಫ್ಟಿಂಗ್ ಪಂದ್ಯಗಳು ನಡೆಯುತ್ತಿದ್ದವು. ಹಿಂದಿನ ಗಾಲಿಗಳನ್ನು ಬೇಕೆಂದೇ ಜಾರಿಸಿ, ಕಾರನ್ನು ಅಡ್ಡಡ್ಡ ಹೊರಳಿಸುತ್ತ ಓಡಿಸುವ ಆಟ ಅದು. ಹಿಂದಿನ ಗಾಲಿಗೆ ಎಂಜಿನ್ನಿನ ಬಲ ಸಿಗುವ ಈ ಹಳೆಯ ಸ್ಪೋರ್ಟ್ಸ್ ಕಾರನ್ನು ಅವನು ಗುಜರಿಯಿಂದ ತಂದಿದ್ದ. ಹಾಗೆ ಓಡಿಸಲು ಮುಂದಿನ ಗಾಲಿಗಳು ಮಾಮೂಲಿಗಿಂತ ಹೆಚ್ಚು ತಿರುಗಬೇಕು. ಅದಕ್ಕೆ ಗಾಲಿಯನ್ನು ಸ್ಟೀರಿಂಗಿಗೆ ಜೋಡಿಸುವ ಕಬ್ಬಿಣದ ತೋಳು ಗಿಡ್ಡವಾಗಬೇಕು. ವಹಾಬ ಎರಡೂ ತೋಳುಗಳನ್ನು ಕತ್ತರಿಸಿ, ಎರಡು ಬೆರಳಿನಷ್ಟು ತೆಗೆದು, ಮತ್ತೆ ಬೆಸೆದುಕೊಟ್ಟಿದ್ದ. ಮೂರು ತಿಂಗಳು ಎಲ್ಲ ಸರಿಯಾಗಿತ್ತು. ಒಂದು ಮುಂಜಾನೆ ಕಡೇಚೂರಿನ ಹತ್ತಿರ, ಮುಚ್ಚಿದ್ದ ಕಾರ್ಖಾನೆಯೊಂದರ ಅಂಗಳದಲ್ಲಿ ತಾಲೀಮು ನಡೆಸುವಾಗ ಬಲಗಡೆಯ ತೋಳು ಬೆಸುಗೆಯ ಜಾಗದಲ್ಲೇ ಮುರಿದು, ಕಾರು ಗೋಡೆಗೆ ಹೊಡೆದು, ಕಾಂತೇಶನ ಎಡಗಾಲು ಪೆಡಲ್‌ಗಳ ನಡುವೆ ಸಿಕ್ಕಿ ಜಜ್ಜಿಹೋಯಿತು. ವಹಾಬ ಅಲ್ಲೇ ನಿಂತಿದ್ದ.

ಅಂದಿನಿಂದ ವಹಾಬ ಬೆಸುಗೆ ಮಷಿನ್ನನ್ನು ಮೂಲೆಗೆ ತಳ್ಳಿ ಮೇಲೆ ಗೋಣಿಚೀಲ ಹೊದಿಸಿದ್ದ. ಆಯಿಲ್ ಬದಲಿಸುವುದು, ಬ್ರೇಕ್ ಬಿಗಿಯುವುದು, ಅಷ್ಟೇ ಕೆಲಸ. ಆ ಆಟವೇ ಅಂಥದ್ದು, ನಿನ್ನ ತಪ್ಪೇನಿಲ್ಲ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅವನು ಮುಂದಿನ ಬೋಲ್ಟಿಗೆ ಪಾನಾ ಹಾಕುತ್ತಿದ್ದ.

"ಇದನ್ನ ಮತ್ತ ತಯಾರ ಮಾಡಿಕೊಡಬೇಕ್ರಿ ಚಾಚಾ," ಎಂದ ಕಾಂತೇಶ.

ಹೈದರಾಬಾದಿಗೆ ಒಯ್ಯಿ, ಅಲ್ಲಿ ದೊಡ್ಡ ಗ್ಯಾರೇಜುಗಳಿವೆ, ಬೇಕಾದರೆ ನಾನೇ ಫೋನು ಮಾಡಿ ಹೇಳುತ್ತೇನೆ ಎಂದು ವಹಾಬ ನೆಲ ನೋಡುತ್ತ ಹೇಳಿದ. ಕಾಂತೇಶ ಅಲ್ಲಿದ್ದ ಹಳೆಯ ಟೈರಿನ ಮೇಲೆ ನಿಧಾನವಾಗಿ ಕುಳಿತುಕೊಂಡ.

"ಅವತ್ತ ನನ್ನ ತೊಡಿಗೆ ಟವೆಲ್ ಬಿಗದವರು ಯಾರ್ರಿ? ಯಾದಗಿರಿ ದವಾಖಾನಿ ಮುಟ್ಟೂತನಕ ಆ ಗಂಟು ಬಿಡದ ಹಿಡಕೊಂಡು ಕುಂತವರು ಯಾರ್ರಿ? ಹತ್ತ ನಿಮಿಷ ತಡ ಆಗಿದ್ರ ಜೀವ ಉಳೀತಿರಲಿಲ್ಲ ಅಂತ ಡಾಕ್ಟರ್ ನಮ್ಮಕ್ಕಗ ಹೇಳ್ಯಾರ. ನಿಮಗ ಇದನ್ನ ಹೇಳಬೇಕಂತ ದಿನಾ ಅನಕೋತಿದ್ದೆ. ನೀವು ನೋಡಿದ್ರ ನಮ್ಮ ಓಣಿತನಕ ಬಂದು ಹೊಳ್ಳಿ ಹೋದ್ರಂತ."

ಅದು ನಿಜವಾಗಿತ್ತು. ವಹಾಬ ಹೋಗಿ ಬಾನೆಟ್ ಎತ್ತಿದ.

ಮೊದಲ ತೊಡಕು ಕ್ಲಚ್ಚಿನದು. ಡ್ರಿಫ್ಟಿಂಗಿನಲ್ಲಿ ಕ್ಲಚ್ಚನ್ನು ಒಮ್ಮೆ ಒದ್ದು ಬಿಟ್ಟಾಗಲೇ ಹಿಂದಿನ ಗಾಲಿ ಜಾರುವುದು. ಕೃತಕ ಪಾದಕ್ಕೆ ಪೆಡಲ್ ಎಲ್ಲಿದೆಯೆಂಬುದೇ ತಿಳಿಯುತ್ತಿರಲಿಲ್ಲ. ವಹಾಬ ಗೇರಿನ ಕೋಲಿಗೆ ಬೈಕಿನ ಬ್ರೇಕಿನಂಥ ಒಂದು ಹಿಡಿಕೆ ಕೂಡಿಸಿ, ಅಲ್ಲಿಂದ ಕ್ಲಚ್ಚಿಗೆ ಎಣ್ಣೆಯ ಕೊಳವೆ ಎಳೆದ. ಅಂಗೈಯಲ್ಲಿ ಗೇರು, ಬೆರಳುಗಳಲ್ಲಿ ಕ್ಲಚ್ಚು. ನಾಲ್ಕು ಸಲ ಬಿಚ್ಚಿ, ನಾಲ್ಕು ಸಲ ಕಟ್ಟಿದ. ಐದನೆಯ ಸಲ ಕಾಂತೇಶ ಹಿಡಿಕೆ ಒತ್ತಿ ಬಿಟ್ಟಾಗ ಕಾರು ನಿಂತಲ್ಲೇ ಜಿಗಿಯಿತು. ಅವನು ಮತ್ತೆ ಮತ್ತೆ ಒತ್ತಿ ನೋಡಿದ.

ಸ್ಟೀರಿಂಗಿನ ತೋಳಿಗೆ ಮಾತ್ರ ವಹಾಬ ಕೈ ಹಚ್ಚಿರಲಿಲ್ಲ.

ವಾರದ ರಜೆಯ ದಿನ ಕಾಂತೇಶನ ಅಕ್ಕ ಶಿವರಂಜನಿ ಬಂದಳು. ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಉಕ್ಕು ಕೊರೆಯುವ ಮಷಿನ್ ನಡೆಸುವವಳು. ತಾಯಿ ತೀರಿದ ಮೇಲೆ ತಮ್ಮನನ್ನು ಬೆಳೆಸಿದವಳು ಅವಳೇ. ವಹಾಬ ನಮಸ್ಕಾರ ಎಂದದ್ದಕ್ಕೆ ಉತ್ತರ ಕೊಡಲಿಲ್ಲ. ಎಡಗಡೆಯ ತೋಳು ಬಿಚ್ಚಿಕೊಡಿ ಎಂದಷ್ಟೇ ಹೇಳಿ, ಚೀಲದಿಂದ ಸ್ಪ್ರೇ ಡಬ್ಬಿಗಳನ್ನು ತೆಗೆದಿಟ್ಟಳು.

ಮುರಿಯದೆ ಉಳಿದಿದ್ದ ತೋಳು ಅದು. ಅವಳು ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಕೆಂಪು ದ್ರವ ಸಿಂಪಡಿಸಿದಳು. ಹತ್ತು ನಿಮಿಷ ಹಾಗೇ ಬಿಟ್ಟಳು. ಕೆಂಪನ್ನೆಲ್ಲ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದಳು. ಕಬ್ಬಿಣದಲ್ಲಿ ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ತೇಲುತ್ತದೆ ಎಂದು ಕಾಂತೇಶ ಮೆಲ್ಲಗೆ ಹೇಳುವಷ್ಟರಲ್ಲಿ, ಬೆಸುಗೆಯ ಉದ್ದಕ್ಕೂ ಕೂದಲೆಳೆಯಂಥ ಒಂದು ಗೆರೆ ಮೂಡಿತು.

ವಹಾಬ ಕುಕ್ಕರಗಾಲಿನಲ್ಲಿ ಕುಳಿತು ಅದನ್ನೇ ನೋಡಿದ.

"ಇದು ನನ್ನ ಕೈತಪ್ಪ ಯವ್ವಾ," ಎಂದ. "ಕಬ್ಬಿಣ ಮೊದಲ ಕಾಸಿ ಬೆಸೀಬೇಕಿತ್ತು. ಸಂಜಿ ಆಗ್ಯಾದ ಅಂತ ಅವಸರ ಮಾಡಿದೆ. ಅದು ಮುರದ ದಿನಾನೇ ನನಗ ಗೊತ್ತಾಗಿತ್ತು. ಯಾರ ಮುಂದೂ ಹೇಳಲಿಲ್ಲ."

"ನನಗೂ ಗೊತ್ತಿತ್ರಿ," ಎಂದಳು ಶಿವರಂಜನಿ. "ಮುರದ ತುಂಡು ಮನ್ಯಾಗ ಅದ. ನಿಮ್ಮ ಬಾಯಿಂದ ಈ ಮಾತ ಬರಲಿ ಅಂತ ಕಾಯಾಕತ್ತಿದ್ದೆ."

ಅವಳು ಸೀಮೆಸುಣ್ಣ ಕೇಳಿದಳು. ನೆಲದ ಮೇಲೆ ತೋಳಿನ ಚಿತ್ರ ಬರೆದು, ಒಂದೇ ಉಕ್ಕಿನ ಗಟ್ಟಿಯಿಂದ ಕೊರೆದರೆ ಬೆಸುಗೆಯೇ ಬೇಕಾಗುವುದಿಲ್ಲ, ಸೂಪರ್‌ವೈಸರು ಒಪ್ಪಿದ್ದಾರೆ ಎಂದಳು. ಆದರೆ ಎಷ್ಟು ಗಿಡ್ಡ ಮಾಡಬೇಕೆಂಬ ಅಳತೆ ಅವಳಿಗೆ ತಿಳಿಯದು. ವಹಾಬ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ, ಗಾಲಿ ಎಲ್ಲಿ ಬ್ರೇಕಿನ ಪೈಪಿಗೆ ತಾಗುತ್ತದೆಂದು ನೋಡಿ, ಮೂರು ಸಲ ಅಳೆದ. ಕಳೆದ ಸಲ ಎರಡು ಬೆರಳು ತೆಗೆದದ್ದು ಹೆಚ್ಚಾಗಿತ್ತು, ಒಂದೂವರೆ ಸಾಕು ಎಂದ. ಅವಳು ಅದನ್ನು ಬರೆದುಕೊಂಡಳು. ಹೊರಡುವಾಗ, "ಬರ್ತೀನ್ರಿ ಚಾಚಾ," ಎಂದಳು.

ಹನ್ನೆರಡು ದಿನಕ್ಕೆ ಹೊಸ ತೋಳುಗಳು ಬಂದವು. ಗ್ಯಾರೇಜಿನಲ್ಲೇ ಮತ್ತೆ ಪರೀಕ್ಷೆ ನಡೆಯಿತು. ಬಿಳಿ ಬಿಳಿಯಾಗಿಯೇ ಉಳಿಯಿತು. ವಹಾಬ ಅವನ್ನು ಕೂಡಿಸಿ, ಗಟ್ಟಿ ಸ್ಪ್ರಿಂಗ್ ಹಾಕಿ, ಮುಂದಿನ ಗಾಲಿಗಳ ತಲೆಯನ್ನು ತುಸು ಒಳಕ್ಕೆ ವಾಲಿಸಿದ. ಕಾರಿನ ಎರಡೂ ಬದಿಗೆ ದಾರ ಕಟ್ಟಿ, ನಾಲ್ಕೂ ಗಾಲಿಗಳ ನೇರ ನೋಡಿದ. ಎಷ್ಟೋ ದಿನಗಳ ಮೇಲೆ ಕೆಲಸದ ನಡುವೆ ತನಗೆ ಹಸಿವಾಗಿರುವುದು ಅವನಿಗೆ ತಿಳಿಯಿತು.

ಕಾಂತೇಶ ಈಗ ಕೆಲಸ ಮಾಡುತ್ತಿದ್ದದ್ದು ಹತ್ತಿ ಮಿಲ್ಲಿನ ತೂಕದ ಕೋಣೆಯಲ್ಲಿ. ಹಂಗಾಮು ಮುಗಿದು, ಮಿಲ್ಲಿನ ಸಿಮೆಂಟ್ ಅಂಗಳ ಬರಿದಾಗಿತ್ತು. ಮಾಲೀಕರು ಒಂದು ಮುಂಜಾನೆಯ ಮಟ್ಟಿಗೆ ಅಲ್ಲಿ ಓಡಿಸಲು ಒಪ್ಪಿದ್ದರು. ಕಾಂತೇಶ ಹೆಲ್ಮೆಟ್ ಹಾಕಿಕೊಂಡು ಇನ್ನೊಂದನ್ನು ವಹಾಬನ ಕಡೆ ಚಾಚಿದ. ತಾನು ತಯಾರು ಮಾಡಿದ ಇಂಥ ಕಾರಿನಲ್ಲಿ ವಹಾಬ ಎಂದೂ ಕುಳಿತಿರಲಿಲ್ಲ. ಬೆಲ್ಟನ್ನು ಶಿವರಂಜನಿಯೇ ಎಳೆದು ನೋಡಿ, ಬಾಗಿಲು ಹಾಕಿದಳು.

ಮೊದಲ ಸಲ ಕಾರು ಪೂರ್ತಿ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎರಡನೆಯ ಸಲವೂ ಹಾಗೆಯೇ. "ಬೆರಳ ಲಗೂನ ಬಿಡಬೇಕು," ಎಂದ ವಹಾಬ. ಮೂರನೆಯ ಸಲ ಕಾಂತೇಶ ಹಿಡಿಕೆಯನ್ನು ಒತ್ತಿ ಥಟ್ಟನೆ ಬಿಟ್ಟ. ಹಿಂಭಾಗ ಹೊರಕ್ಕೆ ಜಾರಿತು, ಮುಂದಿನ ಗಾಲಿಗಳು ಎದುರು ದಿಕ್ಕಿಗೆ ಕೊನೆಯವರೆಗೂ ತಿರುಗಿ ಹಾಗೇ ನಿಂತವು. ಗೋದಾಮು, ಬೇವಿನ ಮರ, ಆಚೆಯ ಗುಡ್ಡ, ಎಲ್ಲವೂ ಪಕ್ಕದ ಕಿಟಕಿಯಿಂದ ಎದುರಿಗೆ ಬಂದು ಹೋದವು. ವಹಾಬನ ಕಿವಿ ಬಲಗಡೆಯ ಮುಂದಿನ ಗಾಲಿಯ ಮೇಲೇ ಇತ್ತು. ಅಲ್ಲಿಂದ ಯಾವ ಸದ್ದೂ ಬರಲಿಲ್ಲ. ಕಾಂತೇಶ ಇಡೀ ಅಂಗಳವನ್ನು ಒಂದೇ ಜಾರಿಕೆಯಲ್ಲಿ ಸುತ್ತಿದ. ಹೆಲ್ಮೆಟ್ಟಿನೊಳಗೆ ಅವನು ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗಲಿಲ್ಲ.

ವಹಾಬ ಇಳಿದವನೇ ಆ ಗಾಲಿಯ ಹಿಂದೆ ಕೈ ಹಾಕಿ ತೋಳನ್ನು ಮುಟ್ಟಿ ನೋಡಿದ. ತೂಕದ ಕೋಣೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಶಿವರಂಜನಿ ರೊಟ್ಟಿಯ ಗಂಟು ಬಿಚ್ಚಿ, ತಂಬಿಗೆ ಹಿಡಿದು ಬಂದು ಅವನ ಮುಂದೆ ಬಾಗಿದಳು. ಅವನು ಎರಡೂ ಕೈ ಚಾಚಿದ. ಅವಳು ಸುರಿದ ನೀರು ಅವನ ಬೆರಳುಗಳ ನಡುವಿನಿಂದ ಕಪ್ಪಾಗಿ ಇಳಿದು, ಸಿಮೆಂಟಿನ ಮೇಲೆ ಹರಿಯುತ್ತ ಹೋಗಿ, ಟೈರು ಎಳೆದಿದ್ದ ಬಿಸಿ ಗೆರೆಯನ್ನು ಮುಟ್ಟಿ ನಿಂತಿತು.