ಗಂಟೆಗೆ ನಲವತ್ತೆಂಟು ಲೀಟರ್

ಓಬಣ್ಣನ ಕೆಲಸ ಹೋದದ್ದು ನಾನು ಬರೆದ ಎರಡು ಅಂಕಿಗಳಿಂದ.

ಜಗಳೂರಿನ ಹೊರಗೆ ಮೆಕ್ಕೆಜೋಳ ಒಣಗಿಸುವ ಡ್ರೈಯರ್ ಒಂದಿದೆ. ಅದರ ಡೀಸೆಲ್ ಬರ್ನರನ್ನು ಆತ ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಮೂರು ವರ್ಷ ಸವಳಂಗದ ಮನೆಯಲ್ಲಿ ಕೂತಿದ್ದ ನನ್ನನ್ನು ಈ ಸುಗ್ಗಿಗೆ ಅಲ್ಲಿ ಸೇರಿಸಿಕೊಂಡರು. ನಾನು ಸೇರಿದ ವಾರವೇ ಸಾಹುಕಾರರು, ಚನ್ನಗಿರಿಯ ಪ್ರಸನ್ನಕುಮಾರ್, ಬರ್ನರಿನ ಪೈಪಿಗೆ ಹೊಸ ಮೀಟರ್ ಹಾಕಿಸಿದರು. ಅದುವರೆಗೆ ಎಲ್ಲ ನಡೆದದ್ದು ಓಬಣ್ಣನ ಕಡ್ಡಿಯ ಮೇಲೆ. ಗುರುತು ಕೊರೆದ ಉದ್ದನೆಯ ಕಡ್ಡಿಯನ್ನು ಟ್ಯಾಂಕಿಗೆ ಇಳಿಬಿಟ್ಟು, ತೆಗೆದು, ಒದ್ದೆ ಎಲ್ಲಿವರೆಗೆ ಬಂದಿದೆ ಎಂದು ನೋಡಿ ಇಷ್ಟು ಲೀಟರ್ ಉರಿದಿದೆ ಎನ್ನುತ್ತಿದ್ದ.

"ಇಂಜಿನಿಯರ್ ಸಾಹೇಬ್ರೆ, ಕರೆಂಟ್ ಹೋದ್ರೆ ನಿಮ್ ಮೀಟರು ಕಣ್ಣು ಮುಚ್ಚತೈತೆ. ನನ್ ಕಡ್ಡಿಗೆ ಆ ಚಿಂತಿ ಇಲ್ಲ" ಎಂದು ಮೊದಲ ದಿನವೇ ನಕ್ಕಿದ್ದ.

ಬರ್ನರ್ ದಿನಕ್ಕೆ ಹತ್ತು ಗಂಟೆ ಉರಿಯುತ್ತಿತ್ತು. ಮೀಟರ್ ಗಂಟೆಗೆ ನಲವತ್ತು ತೋರಿಸುತ್ತಿತ್ತು. ಕಡ್ಡಿ ನಲವತ್ತೆಂಟು ಹೇಳುತ್ತಿತ್ತು. ಹದಿಮೂರು ದಿನ ಎರಡನ್ನೂ ಅಕ್ಕಪಕ್ಕ ಬರೆದು ಸಾಹುಕಾರರಿಗೆ ವಾಟ್ಸಾಪ್ ಮಾಡಿದೆ. ನಲವತ್ತು ಏನು, ನಲವತ್ತೆಂಟು ಏನು ಎಂದು ಬರೆಯಲಿಲ್ಲ. ನನ್ನನ್ನೇ ನಾನು ಕೇಳಿಕೊಳ್ಳಲೂ ಇಲ್ಲ.

ಸಾಹುಕಾರರು ಬಂದರು.

"ದಿನಕ್ಕೆ ಎಂಬತ್ತು ಲೀಟರ್ ಎಲ್ಲಿ ಹೋಗತೈತೆ ಓಬಣ್ಣ? ಹದಿಮೂರು ದಿನಕ್ಕೆ ಸಾವಿರ ದಾಟಿತು."

"ಬರ್ನರ್ ಕುಡಿದೈತೆ ಸಾವ್ಕಾರ್ರೆ."

"ಮೀಟರ್ ಹಂಗನ್ನಲ್ವಲ್ಲ."

ಆವರಣದ ಮೂಲೆಯಲ್ಲಿ ಚೌಡಮ್ಮನ ಸಣ್ಣ ಗುಡಿ. ಹಮಾಲರೆಲ್ಲ ಬಂದು ನಿಂತರು. ಸಾಹುಕಾರರು ಕರ್ಪೂರದ ಬಿಲ್ಲೆಯೊಂದನ್ನು ಓಬಣ್ಣನ ಅಂಗೈಗೆ ಹಾಕಿದರು. "ಒಂದು ಹನೀನೂ ಮುಟ್ಟಿಲ್ಲ ಅಂತ ಇದನ್ನ ಹಚ್ಚಿ ಆಣೆ ಮಾಡು. ಆಮ್ಯಾಲೆ ಈ ಮಾತೇ ಎತ್ತಲ್ಲ."

ಓಬಣ್ಣ ದೇವಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಬಿಲ್ಲೆಯನ್ನು ಹೊಸ್ತಿಲ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಗೇಟು ದಾಟಿ ಹೋದ. ನನಗಾದದ್ದು ಸಮಾಧಾನ. ನನ್ನ ಮೀಟರ್ ಸರಿ ಇತ್ತು.

ಆರು ದಿನ ಕಳೆದ ಮೇಲೆ ಮೀಟರಿನ ಗಾಜಿಗೆ ಹತ್ತಿದ್ದ ಜೋಳದ ಹೊಟ್ಟು ಒರೆಸುವಾಗ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರಗಳು ಕಂಡವು. ಕೆಜಿ. ಮೀಟರ್ ಹೇಳುತ್ತಿದ್ದುದು ತೂಕವನ್ನು, ಕಡ್ಡಿ ಹೇಳುತ್ತಿದ್ದುದು ಅಳತೆಯನ್ನು. ಒಂದು ಲೀಟರ್ ಡೀಸೆಲ್ ಒಂದು ಕೆಜಿ ತೂಗುವುದಿಲ್ಲ, ಸುಮಾರು ಎಂಟುನೂರ ಮೂವತ್ತು ಗ್ರಾಂ ಅಷ್ಟೇ. ನಲವತ್ತನ್ನು 0.83ರಿಂದ ಭಾಗಿಸಿದೆ. ನಲವತ್ತೆಂಟು ಚಿಲ್ಲರೆ ಬಂತು. ಕಾಲೇಜಿನಲ್ಲಿ ಎರಡು ಅಂಕಕ್ಕೆ ಬರುತ್ತಿದ್ದ ಲೆಕ್ಕ. ಬೇರೆ ಉತ್ತರ ಬರಲಿ ಎಂಬ ಆಸೆಯಿಂದ ಇನ್ನೆರಡು ಸಲ ಭಾಗಿಸಿದೆ.

ಓಬಣ್ಣನ ಕಡ್ಡಿ ತಪ್ಪಿರಲಿಲ್ಲ. ಆತ ಕದ್ದಿರಲಿಲ್ಲ.

ಸೋಮವಾರ ಬಂದ ಸಾಹುಕಾರರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರಿಗೆ ತಿಳಿಯಲು ನನಗೆ ಹಿಡಿದಷ್ಟು ದಿನ ಹಿಡಿಯಲಿಲ್ಲ.

"ಗೊತ್ತಾತು ಬಿಡಪ್ಪ. ಅಡಿಗೆ ಎಣ್ಣೆನೂ ಹಂಗೇ, ಲೀಟರ್ ಪಾಕೀಟು ಕೆಜಿ ತೂಗಲ್ಲ."

"ಹಂಗಾದ್ರೆ ಓಬಣ್ಣನ್ನ ಕರೆಸ್ರಿ ಸರ್."

"ಲೆಕ್ಕ ಸರಿ ಐತೆ. ಮತ್ತೆ ಆಣೆ ಯಾಕೆ ಮಾಡ್ಲಿಲ್ಲ ಅವ್ನು? ಅದನ್ನೂ ಭಾಗಿಸಿ ಹೇಳು ನೋಡೋಣ."

ಚೀಲ ಹೊಲಿಯುತ್ತಿದ್ದ ಹಮಾಲ ಕೆಂಚೇಶ್ ತಲೆ ಎತ್ತಿದ. "ಕದೀದೆ ಇದ್ದೋನು ಕರ್ಪೂರಕ್ಕೆ ಯಾಕ್ ಹೆದರ್ತಾನೆ ಸಾರ್?"

ಭಾನುವಾರ ಬಸ್ಸು ಹಿಡಿದು ಓಬಣ್ಣನ ಊರಿಗೆ ಹೋದೆ. ಬೇರೆಯವರ ಕುರಿ ಮೇಯಿಸಿಕೊಂಡು ಆಗ ತಾನೇ ಬಂದಿದ್ದ. ಆತನ ಹೆಂಡತಿ ದುರುಗಕ್ಕ ಜಗುಲಿಯ ಮೇಲೆ ಚೀಲ ಹಾಸಿದರು. ನಾನು ಲೆಕ್ಕ ಬಿಡಿಸಿ ಹೇಳಿದೆ. ಓಬಣ್ಣ ಕೊನೆಯವರೆಗೂ ಕೇಳಿದ.

"ಹಂಗಾದ್ರೆ ನನ್ ಕಡ್ಡಿ ಸುಳ್ಳಾಡಿಲ್ಲ."

"ಇಲ್ಲ. ತಪ್ಪು ನಂದು. ಆದ್ರೆ ಆಣೆ ಯಾಕೆ ಮಾಡ್ಲಿಲ್ಲ ಓಬಣ್ಣ?"

ಆತ ಬಾಗಿಲ ಚೌಕಟ್ಟಿನ ಕಡೆ ನೋಡಿದ. "ಹೋದ ಬ್ಯಾಸಿಗ್ಯಾಗೆ ಇದಕ್ಕೆ ಗೆದ್ಲು ಹತ್ತಿತ್ತು. ಹಚ್ಚಾಕೆ ಅಂತ ಒಂದು ಬಾಟ್ಲಿ ಡೀಸೆಲ್ ತಂದಿದ್ದೆ. ಯಾರನ್ನೂ ಕೇಳ್ದೆ. ಸಾವ್ಕಾರ್ರು 'ಒಂದು ಹನೀನೂ' ಅಂದ್ರಲ್ಲ."

"ಎಂಥಾ ಸತ್ಯವಂತ ಸಿಕ್ಕ ನೋಡ್ರಿ ನಂಗೆ!" ಒಳಗಿನಿಂದ ದುರುಗಕ್ಕ ಕೂಗಿದರು. "ಟ್ಯಾಂಕರ್ ಕುಡಿದು ತೇಗಿದೋರು ಆಣೆ ಮಾಡ್ತಾರೆ. ಈವಪ್ಪಂಗೆ ಒಂದು ಬಾಟ್ಲಿ ಗಂಟ್ಲಾಗೆ ಸಿಕ್ಕಂತು."

"ಅದನ್ನ ಅಲ್ಲೇ ಹೇಳಬಹುದಿತ್ತಲ್ಲ?" ಎಂದೆ.

"ಸಾವಿರ ಲೀಟರ್ ಕೇಳೋರ ಮುಂದೆ ಬಾಟ್ಲಿ ಒಪ್ಪಿಕೊಂಡ್ರೆ, ಬಾಟ್ಲಿ ಅಂತ ಯಾರು ನಂಬ್ತಾರೆ ತಮ್ಮಾ?"

"ನಾನು ಎಲ್ಲರಿಗೂ ಹೇಳ್ತೀನಿ. ಈ ಊರಲ್ಲೂ, ಬೇರೆ ಡ್ರೈಯರ್‌ಗಳಲ್ಲೂ."

"ಬ್ಯಾಡ." ಮೊದಲ ಸಲ ಆತನ ದನಿ ಗಡುಸಾಯಿತು. "ನೀನು ಲೆಕ್ಕ ಹೇಳಿದಷ್ಟು ಸಲ ಅವ್ರು ಕರ್ಪೂರದ ಮಾತು ತೆಗೀತಾರೆ. ಮಗಳಿಗೆ ಗಂಡು ನೋಡ್ತಾ ಇದೀವಿ. ಜನ ಮರೆತ್ರೆ ಸಾಕು. ಇನ್ನೊಂದು ಸಲ ಬರಾಕೂ ಹೋಗಬ್ಯಾಡ."

ಕೋಪದಿಂದ ಹೇಳಿದ್ದಲ್ಲ. ಬೇಡಿಕೊಂಡದ್ದು. ಕಾಗದವನ್ನು ಮಡಚಿ ಜೇಬಿಗಿಟ್ಟೆ. ದುರುಗಕ್ಕ ಕೊಟ್ಟ ಮಜ್ಜಿಗೆ ಕುಡಿದು ಎದ್ದೆ.

ಬಸ್ಸಿಗೆ ಕಾಯುತ್ತಿದ್ದಾಗ ಅರಳಿಕಟ್ಟೆಯ ಮೇಲೆ ಕೂತಿದ್ದವರಲ್ಲಿ ಒಬ್ಬ ಕೇಳಿದ: "ಯಾರ ಮನೀಗೆ ಬಂದಿದ್ರಿ?"

"ಓಬಣ್ಣನವರ ಮನೆಗೆ."

"ಯಾವ ಓಬಣ್ಣ? ಈ ಊರಾಗೆ ನಾಕು ಜನ ಅದಾರೆ."

ಆತನ ಅಪ್ಪನ ಹೆಸರು ನನಗೆ ಗೊತ್ತಿರಲಿಲ್ಲ. "ಜೋಳದ ಡ್ರೈಯರಲ್ಲಿ ಇದ್ದರಲ್ಲ" ಎಂದೆ.

"ಓ, ಡೀಸೆಲ್ ಓಬಣ್ಣ!" ಆತ ಪಕ್ಕದವನ ತೊಡೆ ತಟ್ಟಿ ನಕ್ಕ. "ಅವನೇ ಅಲ್ವಾ?"

ಬಸ್ಸಿನ ಧೂಳು ಇನ್ನೂ ದೂರದಲ್ಲಿತ್ತು. ಹೇಳಲು ಬೇಕಾದಷ್ಟು ಹೊತ್ತಿತ್ತು.

"ಹೌದು" ಎಂದೆ.