ಎಡಗಡೆ ಮೂಲೆಗೆ ಪಾಸು

ಇಟ್ಟಿಗೆ ಪುಡಿ ಕೆಂಪಗೆ ಉದುರುತ್ತಿದೆ, ಉದುರಲಿ, ಕೆಳಗೆ ಪೇಪರ್ ಹಾಸಿದ್ದೀನಿ, ಆದರೂ ಈಯಮ್ಮ ಸೋಫಾದ ಹಿಂದೆ ನಿಂತು ನೋಡ್ತಾನೇ ಇದ್ದಾರೆ, ಗೋಡೆಗೆ ಪೇಂಟ್ ಹೊಡೆಸಿ ಆರು ತಿಂಗಳೂ ಆಗಿಲ್ಲ ಕಣಪ್ಪ ಜೋಪಾನ, ಹೂಂ ಅಮ್ಮ ಜೋಪಾನ, ನಾಲ್ಕು ತೂತಲ್ಲಿ ಎರಡು ಆಯ್ತು, ಗಂಟೆ ಮೂರೂ ಮುಕ್ಕಾಲು, ಬ್ಯಾಸ್ಕೆಟ್‌ಬಾಲ್ ಮ್ಯಾಚು ನಾಲ್ಕಕ್ಕೆ, ರವೀಂದ್ರನಗರದ ಈ ಮನೆಯ ಐವತ್ತೈದು ಇಂಚಿನ ಟೀವಿಯಲ್ಲಿ ಭೂಮಿಕಾಳನ್ನು ನೋಡಬಹುದು ಅಂತಲೇ ಈ ಫಿಟ್ಟಿಂಗನ್ನ ಮಧ್ಯಾಹ್ನಕ್ಕೆ ಹಾಕಿಸಿಕೊಂಡೆ, ಶೋರೂಮಿನ ಮ್ಯಾನೇಜರು ನರಸಿಂಹಮೂರ್ತಿ ಸಾರ್ ಲೋ ರುದ್ರೇಶ ಬೆಳಿಗ್ಗೇನೇ ಹೋಗಿ ಮುಗಿಸೋ ಅಂದರೆ ಇಲ್ಲ ಸಾರ್ ಪಾರ್ಟಿಯೋರು ಮೂರು ಗಂಟೆಗೇ ಬನ್ನಿ ಅಂದಿದ್ದಾರೆ ಅಂತ ಸುಳ್ಳು ಹೇಳಿದೆ, ಸುಳ್ಳಿನಲ್ಲಿ ನಾನು ಹುಷಾರು, ಓದಿನಲ್ಲೇ ದಡ್ಡ— ನನ್ನ ಒಡೆದ ಫೋನಿನಲ್ಲಿ ಅವಳು ಹೆಬ್ಬೆಟ್ಟಿನಷ್ಟು ಕಾಣುತ್ತಾಳೆ, ಬೆನ್ನ ಮೇಲಿನ ಹನ್ನೊಂದು ಅನ್ನೋ ನಂಬರು ಗೊತ್ತಾಗಬೇಕಾದರೆ ಕಣ್ಣಿಗೆ ಒತ್ತಿ ಹಿಡೀಬೇಕು, ಇವತ್ತು ಒಂಬತ್ತನೇ ಮ್ಯಾಚು, ಹತ್ತು ಮ್ಯಾಚಿಗೆ ಕಾಂಟ್ರಾಕ್ಟು, ಆಮೇಲೆ ಉಳಿಸಿಕೊಳ್ತಾರೋ ಇಲ್ಲ ಬ್ಯಾಗ್ ಕೈಗೆ ಕೊಟ್ಟು ಭದ್ರಾವತಿಗೆ ಕಳಿಸ್ತಾರೋ, ಕಳಿಸ್ತಾರೆ, ಕಳಿಸಲಿ, ಥೂ, ಹಂಗೆ ಅಂದುಕೊಳ್ಳಬಾರದು, ರಸಮಟ್ಟದ ಗುಳ್ಳೆ ಮಧ್ಯಕ್ಕೆ ಬರ್ತಾನೇ ಇಲ್ಲ, ಇನ್ನೆರಡು ತೂತು.

ಬೋಲ್ಟು ಕೂತವು, ಅಮ್ಮ ಒಂಚೂರು ಆ ಕಡೆ ಕೈ ಕೊಡಿ, ಉಮಾಮಹೇಶ್ವರಿ ಅಂತ ಬಿಲ್ಲಿನಲ್ಲಿದೆ ಹೆಸರು, ಬಳೆ ಮೇಲಕ್ಕೆ ಸರಿಸಿ ಗಟ್ಟಿಯಾಗೇ ಹಿಡಿದರು, ಟೀವಿ ಕಟಕ್ ಅಂತ ಕೂತಿತು, ವೈಫೈ ಪಾಸ್‌ವರ್ಡ್ ಏನಮ್ಮ, ನನ್ನ ಮಗಳ ಹೆಸರು ಮುಂದೆ ಒಂದು ಎರಡು ಮೂರು, ಹೆಸರು ಕೇಳಿ ಒತ್ತಿದೆ, ಬಂತು, ಯೂಟ್ಯೂಬಿನಲ್ಲಿ ಲೈವ್ ಹಾಕಿದೆ, ಎರಡನೇ ಕ್ವಾರ್ಟರ್ ಶುರುವಾಗಿಬಿಟ್ಟಿದೆ, ಮರದ ನೆಲ ಎಣ್ಣೆ ಹಚ್ಚಿದ ಹಾಗೆ ಹೊಳೀತದೆ, ಎಲ್ಲಿ ಇವಳು, ಎಲ್ಲಿ, ಬೆಂಚಿನ ಕೊನೇಲಿ, ಹೆಗಲ ಮೇಲೆ ಟವೆಲ್ಲು, ಐದಡಿ ಹನ್ನೊಂದು ಇಂಚಿನ ಹುಡುಗಿ, ನಮ್ಮ ಭದ್ರಾವತಿಯ ಕಾಗದನಗರದಲ್ಲಿ ಕಂಬಕ್ಕೆ ಏಣಿ ಯಾಕೆ ಭೂಮೀನ ಕರೀರಿ ಅಂತಿದ್ದರು, ಆ ಸಾಲಿನಲ್ಲಿ ಕುಳ್ಳಿಯಾಗಿ ಕೂತಿದ್ದಾಳೆ, ನ್ಯೂಸ್ ಹಾಕಪ್ಪಾ ಅಂತ ಆರಾಮಕುರ್ಚಿಯಿಂದ ಅಜ್ಜ, ಈಯಮ್ಮನ ಮಾವ, ಚಂದ್ರಶೇಖರಪ್ಪನೋರು, ಟೆಸ್ಟಿಂಗ್ ಯಜಮಾನ್ರೇ, ಓಡಾಡೋ ಚಿತ್ರದಲ್ಲೇ ಟೀವಿ ಸರಿಯಿದೆಯೋ ಇಲ್ಲವೋ ಗೊತ್ತಾಗೋದು, ಹುಡುಗೀರ ಆಟವೇನೋ ಇದು, ಹೌದು, ಚಡ್ಡಿ ಹಾಕ್ಕೊಂಡು, ಹೌದು ಯಜಮಾನ್ರೇ ಪಂಚೆ ಉಟ್ಟುಕೊಂಡು ಓಡೋಕಾಗಲ್ಲ, ಬಾಯಿ ತಪ್ಪಿ ಬಂದೇಬಿಡ್ತು, ಈಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಅಜ್ಜನಿಗೆ ಕಿವಿ ಕೇಳಿಸಲಿಲ್ಲವೋ ಕೇಳಿಸಿದ್ದು ಸಾಕಾಯಿತೋ, ಕನ್ನಡಕ ಏರಿಸಿ ಆಟಾನೇ ನೋಡತೊಡಗಿದರು, ನಾನು ರಿಮೋಟ್ ಹಿಡ್ಕೊಂಡು ಬ್ರೈಟ್‌ನೆಸ್ ಏರಿಸೋದು ಇಳಿಸೋದು ಮಾಡ್ತಾ ನಿಂತೆ.

ನಮಗೆ ಮರದ ನೆಲ ಎಲ್ಲಿಂದ ಬರಬೇಕು, ಸಿಮೆಂಟು, ಕಾಗದದ ಕಾರ್ಖಾನೆ ನಡೀತಿದ್ದಾಗ ಕ್ವಾರ್ಟರ್ಸಿನವರಿಗೆ ಅಂತ ಹಾಕಿಸಿದ್ದ ಕೋರ್ಟು, ಕಾರ್ಖಾನೆ ನಿಂತ ಮೇಲೆ ಆ ಕಡೆ ಕಂಬ ತುಕ್ಕು ಹಿಡಿದು ಮಲಗಿತು, ಈ ಕಡೆ ಒಂದು ರಿಂಗು ಉಳೀತು, ಅದಕ್ಕೂ ಬಲಗಡೆ ಮೂಲೇಲಿ ಗುಲ್‌ಮೊಹರಿನ ಬೇರು ಎದ್ದು ಸಿಮೆಂಟು ಚಪ್ಪಡಿ ಚಪ್ಪಡಿಯಾಗಿ ಒಡೆದು, ಅಲ್ಲಿ ಚೆಂಡು ಬಿದ್ದರೆ ಎತ್ತಲೋ ಹಾರೋದು, ಹಂಗಾಗಿ ನಮ್ಮ ಆಟವೆಲ್ಲ ಎಡಗಡೆಗೇ, ಎಡಗಡೆ ಮೂಲೆ ನನ್ನದು, ನಮ್ಮಪ್ಪ ಭೂಮಿ ಅಪ್ಪ ಒಂದೇ ಶಿಫ್ಟು, ಎದುರುಬದುರು ಮನೆ, ಸಂಬಳ ನಿಂತಾಗ ಮನೇಲಿ ಸ್ಕೂಲು ಬಿಡಿಸಿದರು ಅಂತ ಎಲ್ಲರಿಗೂ ಹೇಳ್ತೀನಿ, ನಿಜ ಏನಪ್ಪಾ ಅಂದರೆ ಒಂಬತ್ತನೇ ಕ್ಲಾಸಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತು ಎರಡು ತುಂಡು ಮಾಡಿ ನಾನೇ ಎದ್ದು ಬಂದೆ, ಹಗಲೆಲ್ಲ ವೈರಿಂಗ್ ಕೆಲಸ, ಐದೂವರೆಗೆ ಕೋರ್ಟು, ಭೂಮಿ ನಡುವಿಂದ ನುಗ್ಗೋಳು, ಸುದೀಪ ಮತ್ತೆ ಅವನ ತಮ್ಮ ಇಬ್ಬರೂ ಮೇಲೆ ಮುಗಿಬೀಳೋರು, ಆವಾಗ ಎಡಗೈಯಲ್ಲಿ ಬೆನ್ನ ಹಿಂದಿನಿಂದ ಮೂಲೆಗೆ ಎಸೀಬೇಕು, ಮೊದಮೊದಲು ತಿರುಗಿ ನೋಡಿ ಎಸೀತಿದ್ದಳು, ಸುದೀಪ ನಡುವೇನೇ ಹಾರಿ ಹಿಡಿಯೋನು, ನನಗೆ ಉರೀತಿತ್ತು, ನೋಡಬೇಡ್ವೇ ಮಾರಾಯ್ತಿ, ನೀನು ನೋಡಿದ್ರೆ ಅವನಿಗೂ ಗೊತ್ತಾಗುತ್ತೆ, ನೋಡದೆ ಎಸೆದು ನೀನು ಅಲ್ಲಿ ಇಲ್ದಿದ್ರೆ, ಇರ್ತೀನಿ, ಇಲ್ದಿದ್ರೆ ಕಣೋ, ಇರ್ತೀನಿ ಅಂದ್ನಲ್ಲ ಎಸಿ— ಎಸೆದಳು, ಇದ್ದೆ, ಎಂಟು ವರ್ಷ ಇದ್ದೆ, ಚಳಿಜ್ವರದಲ್ಲಿ ಸ್ವೆಟರ್ ಹಾಕ್ಕೊಂಡೂ ಇದ್ದೆ, ಆಮೇಲಾಮೇಲೆ ಅವಳಿಗೆ ನೋಡೋದೇ ಮರೆತುಹೋಯ್ತು, ಚೆಂಡು ಬೆನ್ನ ಹಿಂದಿಂದ ಬಂದು ನನ್ನ ಎರಡು ಕೈ ನಡುವೆ ಟಪ್ ಅನ್ನೋದು, ಅಷ್ಟೇ, ಅದಕ್ಕೆ ಜಗತ್ತಿನಲ್ಲಿ ಇನ್ನೊಂದು ಸದ್ದಿಲ್ಲ.

ನೆಹರೂ ಸ್ಟೇಡಿಯಮ್ಮಿನ ಸೆಲೆಕ್ಷನ್ನಿಗೆ ಇಬ್ಬರೂ ಹೋಗಿದ್ದೆವು, ಗೋಡೆಗೆ ನಿಲ್ಲಿಸಿ ಅಳೆದರು, ನಾನು ಐದಡಿ ಐದು, ಮುಂದಿನೋನು ಬಾರಪ್ಪ ಅಂದರು, ಅಷ್ಟೇ ನನ್ನ ಆಟ, ಸಾಯಂಕಾಲದವರೆಗೆ ಅವಳ ಬ್ಯಾಗ್ ಹಿಡ್ಕೊಂಡು ನಿಂತಿದ್ದೆ, ಅವಳು ಸ್ಪೋರ್ಟ್ಸ್ ಹಾಸ್ಟೆಲ್ಲು, ಕಾಲೇಜು, ಸ್ಟೇಟು, ಕಾಲೇಜು ಟೀಮಿನಲ್ಲಿ ಮೋನಿಕಾ ಅನ್ನೋಳನ್ನ ಹಟ ಹಿಡಿದು ಎಡಗಡೆ ಮೂಲೇಲಿ ನಿಲ್ಲಿಸಿಕೊಂಡಿದ್ದಳು, ಅವಳೂ ನಿನ್ನ ಥರಾನೇ ಬೈತಾಳೆ ಕಣೋ ಅನ್ನೋಳು, ರಜಕ್ಕೆ ಬಂದರೆ ಮತ್ತೆ ನಾನೇ, ಈ ಹೊಸ ಲೀಗಿಗೆ ಪುಣೆ ಟೀಮಿನವರು ಆರಿಸಿಕೊಂಡಾಗ ಕಾಗದನಗರದ ಗೇಟಿಗೆ ಫ್ಲೆಕ್ಸ್ ಹಾಕಿಸಿದರು, ಹನ್ನೆರಡು ಜನ ಮುಖಂಡರ ಮುಖ ತಟ್ಟೆಯಷ್ಟು, ಅವಳ ಮುಖ ಲೋಟದಷ್ಟು, ಹೊರಟ ದಿನ ಸ್ಟೇಷನ್ನಿನಲ್ಲಿ ಬ್ಯಾಗ್ ಒಳಗೆ ಹಾಕಿ ಇಳಿದೆ, ಕಿಟಕಿ ಕಂಬಿ ಹಿಡ್ಕೊಂಡು ಅಲ್ಲಿ ನನ್ನ ಎಡಗಡೆ ಯಾರ್ ನಿಲ್ತಾರೋ ಮಾರಾಯ ಅಂದಳು, ನಗ್ತಾನೇ ಕೇಳಿದ್ದು, ನಾನು ಹೇಳಬೇಕಾದ್ದು ಬೇರೆ, ಹೇಳಿದ್ದೇನು, ಯಾರಾದ್ರೂ ನಿಲ್ತಾರೆ ಹೋಗೆ, ಅಂತ, ಥೂ ನನ್ನ ಬಾಯಿಗೆ.

ಯಾರೂ ನಿಲ್ಲಲಿಲ್ಲ, ಅಲ್ಲಿನ ಆಟವೇ ಬೇರೆ, ಯಾರೂ ಒಂದು ಕಡೆ ನಿಲ್ಲಲ್ಲ, ಎಲ್ಲರೂ ಓಡ್ತಾನೇ ಇರ್ತಾರೆ, ಇವಳು ಮೊದಲನೇ ಮ್ಯಾಚಿನಲ್ಲಿ ನುಗ್ಗಿದಳು, ಇಬ್ಬರು ಮೇಲೆ ಬಿದ್ದರು, ಎಡಗೈ ಬೆನ್ನ ಹಿಂದಕ್ಕೆ ಹೋಯಿತು, ಎಸೆದೇಬಿಟ್ಟಳು, ಚೆಂಡು ಯಾರೂ ಇಲ್ಲದ ಮೂಲೆಗೆ ಹೋಗಿ ಗೆರೆ ದಾಟಿ ಜಾಹೀರಾತಿನ ಬೋರ್ಡಿಗೆ ಬಡೀತು, ಕಾಮೆಂಟ್ರಿಯೋನು ನಕ್ಕ, ಮೂರು ಮ್ಯಾಚಿನಲ್ಲಿ ಏಳು ಸಲ, ವಿಡಿಯೋ ಕೆಳಗೆ ಜನ ಕಾಮೆಂಟು ಹಾಕ್ತಾರೆ, ಹನ್ನೊಂದನೇ ನಂಬರಿಗೆ ಕಣ್ಣು ಕಾಣಲ್ವಾ, ಇದನ್ನ ಎಲ್ಲಿಂದ ಹಿಡಿದು ತಂದ್ರು, ಒಬ್ಬೊಬ್ಬರಿಗೂ ಹುಡುಕಿ ಹುಡುಕಿ ಬೈದೆ, ಸುದೀಪ ಟೀ ಅಂಗಡೀಲಿ ಏನ್ ಮಚ್ಚಾ ನಿನ್ ಭೂಮಿ ಗಾಳಿಗೆ ಪಾಸ್ ಕೊಡ್ತಾಳಲ್ಲೋ ಅಂದ, ಕಾಲರ್ ಹಿಡಿದೆ, ಗಾಳಿಗಲ್ಲ ಕಣೋ ಬೋಳಿಮಗನೇ ಗಾಳಿಗಲ್ಲ, ಆ ಚೆಂಡು ಯಾರಿಗೆ ಅಂತ ಆ ಕೋಚಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ, ನನ್ನೊಬ್ಬನಿಗೆ ಗೊತ್ತು, ಮೂರನೇ ಮ್ಯಾಚಾದ ಮೇಲೆ ಫೋನ್ ಮಾಡಿದ್ದಳು, ಕೈ ತಾನೇ ಹೋಗಿಬಿಡುತ್ತೆ ಕಣೋ, ಕೋಚು ದಿನಾ ಐನೂರು ಪಾಸ್ ಹಾಕಿಸ್ತಾರೆ, ಆದ್ರೂ ಮ್ಯಾಚಲ್ಲಿ ಹಂಗೇ ಆಗುತ್ತೆ, ಏನಾಗ್ತಿದೆ ನಂಗೆ, ನೀನ್ ಹೇಳು— ಹೇಳಬಹುದಿತ್ತು, ಒಂದೇ ಮಾತು, ಹೇಳಲಿಲ್ಲ, ಗ್ರಿಪ್ಪು ಸರಿಯಿಲ್ಲ, ಬೆರಳು ಅಗಲ ಮಾಡ್ಕೋ ಅಂದೆ, ಸುಳ್ಳು, ಶುದ್ಧ ಸುಳ್ಳು, ಯಾಕೆ ಅಂದರೆ ಆ ಏಳು ಸಲವೂ ಚೆಂಡು ಬೋರ್ಡಿಗೆ ಬಡಿದಾಗ ಊರಿಗೆಲ್ಲ ನಾಚಿಕೆಯಾಯ್ತು, ನನಗೊಬ್ಬನಿಗೆ ಎದೆ ತುಂಬಿ ಬಂತು, ಅಷ್ಟು ಜನರ ನಡುವೆ, ಅಷ್ಟು ಲೈಟಿನಲ್ಲಿ, ಅವಳು ಇನ್ನೂ ನನಗೇ ಎಸೀತಿದ್ದಾಳೆ, ಅವಳು ಮುಳುಗ್ತಾ ಇದ್ದಳು, ನಾನು ದಡದಲ್ಲಿ ಕೂತು ಖುಷಿಪಟ್ಟೆ, ನಾಲ್ಕನೇ ಮ್ಯಾಚಿಂದ ಬೆಂಚು.

ಸೋಮವಾರ ಅವರಮ್ಮ ಪುಷ್ಪಮ್ಮ ನಮ್ಮ ಮನೆ ಬಾಗಿಲಿಗೆ ಬಂದರು, ರುದ್ರೇಶ, ಹತ್ತನೇದೂ ಕಾಯಲ್ಲ, ಬಂದುಬಿಡ್ತೀನಿ ಅಂತಿದ್ದಾಳೆ ಕಣಪ್ಪ, ಬೆಳಿಗ್ಗೆ ಫೋನಲ್ಲಿ ಅತ್ತೂ ಅತ್ತೂ, ನೀನೊಂದ್ ಮಾತು ಹೇಳು, ನಿನ್ ಮಾತು ಕೇಳ್ತಾಳೆ, ಹೇಳ್ತೀನಿ ಬಿಡಿ ಆಂಟಿ ಅಂದೆ, ಹೇಳಲಿಲ್ಲ, ಆ ದಿನವೆಲ್ಲ ಗಾಡಿ ಓಡಿಸ್ತಾ ಹಾಡು ಹೇಳ್ಕೊಂಡೆ, ಬರ್ತಾಳೆ, ಐದೂವರೆಗೆ ಮತ್ತೆ ಕೋರ್ಟು, ಕಸ ಗುಡಿಸಿ ಇಡೋಣ ಅಂತ ಪೊರಕೆ ತಗೊಂಡೇ ಹೋದೆ, ಎಡಗಡೆ ಮೂಲೆ ಗುಡಿಸಿ ಅಲ್ಲೇ ನಿಂತೆ, ಎರಡು ಕೈ ಮುಂದೆ ಮಾಡಿ, ಯಾಕೆ ಹಂಗೆ ನಿಂತೆನೋ, ದನ ಮೇಯಿಸೋ ಬೀರಪ್ಪ ನೋಡಿ ಏನೋ ಮಾರಾಯ ಯಾರಿಗೆ ಕಾಯ್ತಿದ್ದೀಯ ಅಂದ, ಯಾರಿಗೂ ಇಲ್ಲ ಅಂದೆ, ಅಂದ ಮೇಲೆ ಗೊತ್ತಾಯ್ತು, ಅವಳು ಬಂದರೆ ಇಲ್ಲಿಗೆ ಬರೋದು, ಈ ಒಡೆದ ಸಿಮೆಂಟಿಗೆ, ಸೋತು, ಇಪ್ಪತ್ತೆರಡಕ್ಕೆ, ನಾನು ಕೊಟ್ಟ ಮಾತು ಹಿಡ್ಕೊಂಡು— ಫೋನ್ ತೆಗೆದೆ, ನಾಲ್ಕು ಸಲ ರೆಕಾರ್ಡ್ ಮಾಡಿ ಅಳಿಸಿದೆ, ಐದನೇದು ಕಳಿಸಿದೆ, ಭೂಮಿ, ನಿನ್ ಕೈ ಸರಿಯಿದೆ, ಗ್ರಿಪ್ಪೂ ಸರಿಯಿದೆ, ನಾನು ಸುಳ್ಳು ಹೇಳ್ದೆ, ನೀನು ಎಸೀತಿರೋದು ನನಗೆ ಕಣೆ, ನಾನು ಅಲ್ಲಿಲ್ಲ, ತಿರುಗಿ ನೋಡು, ನೋಡಿ ಎಸಿ, ಅಷ್ಟೇ, ಎರಡು ನೀಲಿ ಗೆರೆ ಬಂತು, ಕೇಳಿದ್ದಾಳೆ, ಉತ್ತರ ಬರಲಿಲ್ಲ, ಮಂಗಳವಾರ ಇಲ್ಲ, ಬುಧವಾರ ಇಲ್ಲ, ಇವತ್ತು ಗುರುವಾರ.

ಆಯ್ತೇನಪ್ಪ, ಇನ್ನೊಂದು ಸೆಟ್ಟಿಂಗ್ ಇದೆ ಅಮ್ಮ, ಎಷ್ಟೊತ್ತಪ್ಪ ಅದು, ಹೊಸ ಮಾಡೆಲ್ಲು ಅಮ್ಮ ಬಿಸಿ ಆಗಬೇಕು, ಕಾಫಿ ತಂದುಕೊಟ್ಟರು, ಪಾಪ, ಕೊನೇ ಕ್ವಾರ್ಟರು, ಆರು ನಿಮಿಷ ಇದೆ, ಪುಣೆ ಎರಡು ಪಾಯಿಂಟು ಹಿಂದೆ, ಚೆಂಡು ನಡೆಸೋ ಪುಣೆ ಗಾರ್ಡಿಗೆ ಐದನೇ ಫೌಲು, ಐದಾದರೆ ಹೊರಗೆ, ಕೋಚು ಬೆಂಚಿನ ಕಡೆ ತಿರುಗಿದರು, ಟವೆಲ್ಲು ಕೆಳಗೆ ಬಿತ್ತು, ಎದ್ದಳು, ಕಾಫಿ ನೆಲಕ್ಕೆ ಚೆಲ್ಲಿದೆ, ಒರೆಸ್ತೀನಿ ಅಮ್ಮ ಒರೆಸ್ತೀನಿ, ಹುಷಾರು ಕಣೆ ಹುಷಾರು, ಚೆಂಡು ಕೈಗೆ ಬಂತು, ಒಂದು ಬಡಿತ, ಎರಡು, ನುಗ್ಗಿದಳು, ಅದೇ ನಡು, ಇಬ್ಬರು ಮೇಲೆ ಬಿದ್ದರು, ಎಡಗೈ ಬೆನ್ನ ಹಿಂದಕ್ಕೆ ಹೋಯಿತು, ಹೋಗಿ ನಿಂತಿತು, ಅಯ್ಯೋ ನಿಂತಿತು, ಕತ್ತು ತಿರುಗಿತು, ಮೂಲೆ ನೋಡಿದಳು, ಅರ್ಧ ಗಳಿಗೆಯೂ ಇಲ್ಲ, ಚೆಂಡನ್ನ ಮುಂದಕ್ಕೆ ಎಳ್ಕೊಂಡು ಬಲಗಡೆ ಓಡಿ ಬರ್ತಿದ್ದ ಎತ್ತರದ ಹುಡುಗಿಗೆ ಕೊಟ್ಟಳು, ರಿಂಗಿನೊಳಗೆ, ಸಮ, ಕೋಚು ಚಪ್ಪಾಳೆ ತಟ್ತಿದ್ದಾರೆ, ಟೀಮಿನೋರೆಲ್ಲ ಅವಳ ತಲೆ ಸವರ್ತಿದ್ದಾರೆ, ಒಳ್ಳೇ ಹುಡುಗಿ ಕಣೋ ಆ ಹನ್ನೊಂದು ಅಂತ ಅಜ್ಜ, ಹೌದು ಯಜಮಾನ್ರೇ, ಮತ್ತೆ ನುಗ್ಗಿದಳು, ಈ ಸಲ ಎಡಗಡೆಗೆ ತಿರುಗಲೇ ಇಲ್ಲ, ಕೈಯೂ ಹೋಗಲಿಲ್ಲ, ನೇರ ಬಲಕ್ಕೆ, ಮತ್ತೆ ರಿಂಗು, ಮತ್ತೆ, ಒಂದು ಮಂಗಳವಾರ ಒಂದು ಬುಧವಾರದಲ್ಲಿ ಎಂಟು ವರ್ಷ ಬಿಟ್ಟುಬಿಟ್ಟಳು, ಇನ್ನು ಇವಳನ್ನ ಕಳಿಸಲ್ಲ, ಉಳಿಸಿಕೊಳ್ತಾರೆ, ಪುಷ್ಪಮ್ಮ ಆಂಟಿಗೆ ಫೋನ್ ಮಾಡಬೇಕು, ಗೆದ್ದರು, ಗೆದ್ದರು, ಯಾಕಪ್ಪ ಕಣ್ಣಲ್ಲಿ ನೀರು, ಇಟ್ಟಿಗೆ ಪುಡಿ ಅಮ್ಮ, ಮತ್ತೆ ತೋರಿಸ್ತಿದ್ದಾರೆ, ರಿಂಗಿನ ಹಿಂದಿನ ಕ್ಯಾಮೆರಾ, ನಿಧಾನಕ್ಕೆ, ಐವತ್ತೈದು ಇಂಚು ತುಂಬ ಅವಳ ಮುಖ, ಬೆವರು, ಬಾಯಿ ಒಂಚೂರು ತೆರೆದಿದೆ, ಕತ್ತು ತಿರುಗುತ್ತೆ, ಇದ್ದೀನಾ ಅಂತ ನೋಡ್ತಾಳೆ, ಇಲ್ಲ ಅಂತ ನೋಡ್ತಾಳೆ, ಕಣ್ಣು ವಾಪಸ್ಸು ಹೋಗುತ್ತೆ, ಮತ್ತೆ ತೋರಿಸ್ತಿದ್ದಾರೆ, ಕತ್ತು ತಿರುಗುತ್ತೆ, ಇದ್ದೀನಾ ಅಂತ, ಇಲ್ಲ ಅಂತ, ಮತ್ತೆ, ಕತ್ತು ತಿರುಗುತ್ತೆ