ಶರಾವತಿಯ ಜ್ವರ

“ಬೆಳಿಗ್ಗೆ ಬೆಳಿಗ್ಗೇನೇ ಏರಿಸ್ಕೊಂಡು ಬಂದಿದಾಳಲ್ಲ. ಹೊರಗೆ ಕೂರ್ಸಮ್ಮ ಇವಳನ್ನ.”

ಕುರ್ಚಿಯಿಂದ ಏಳದೆಯೇ ಡಾಕ್ಟರು ಹಾಗಂದರು. ನನ್ನ ಮಗಳು ಶರಾವತಿ ನನ್ನ ಹೆಗಲಿಗೆ ಜೋತುಬಿದ್ದು ತೂರಾಡುತ್ತ, ಏನೇನೋ ತೊದಲುತ್ತಿದ್ದಳು. ಹೆಂಡ ಮೂಸಿಯೂ ನೋಡದ ಹುಡುಗಿ. ಲಿವರಿಗೆ ಹೋಗುವ ರಕ್ತನಾಳ ಚಿಕ್ಕಂದಿನಲ್ಲೇ ಕಟ್ಟಿಕೊಂಡಿತ್ತಂತೆ. ಅದರಿಂದ ಅನ್ನನಾಳದ ನರಗಳು ಉಬ್ಬಿ, ಹೋದ ವಾರ ಕ್ವಾರಿಯಲ್ಲಿ ಲಾರಿಗೆ ಕಲ್ಲು ತುಂಬುವಾಗ ರಕ್ತ ಕಾರಿಕೊಂಡು ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಬಾಯೊಳಗೆ ಕೊಳವೆ ಇಳಿಸಿ, ಒಡೆದ ನರಕ್ಕೆ ರಬ್ಬರ್ ಬಳೆ ಬಿಗಿದು ಕಳಿಸಿದರು. ಗಾಯಕ್ಕೆ ನಂಜು ಏರಬಹುದು, ಜ್ವರ ಬಂದರೆ ಕಾಯಬೇಡಿ, ಹತ್ತಿರದ ಡಾಕ್ಟರ ಹತ್ತಿರ ಓಡಿ ಅಂತ ಅಲ್ಲಿಯ ನರ್ಸು ಒತ್ತಿ ಒತ್ತಿ ಹೇಳಿದ್ದಳು.

ಓಡಿ ಬಂದಿದ್ದೆ. ಕೋಣಂದೂರಿನಿಂದ ತೀರ್ಥಹಳ್ಳಿಯ ಈ ನರ್ಸಿಂಗ್ ಹೋಮಿಗೆ ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಬಸ್ಸಿನುದ್ದಕ್ಕೂ ಅವಳ ಮೈ ನನ್ನ ತೊಡೆ ಸುಡುತ್ತಿತ್ತು.

ಎಲ್ಲಿಯವರು ಅಂತ ಡಾಕ್ಟರು ಕೇಳಿದರು. ಕ್ವಾರಿಯ ಕೂಲಿ ಲೈನಿನ ಮನೆಯವರು ಅಂದೆ. ಅಷ್ಟೇ ಸಾಕಾಯಿತು ಅವರಿಗೆ. ದೊಡ್ಡಾಸ್ಪತ್ರೆಯ ಚೀಟಿ ಕೊಟ್ಟರೆ ಪೆನ್ನಿನ ತುದಿಯಲ್ಲಿ ತಮ್ಮ ಕಡೆ ಎಳೆದುಕೊಂಡು, ಲಿವರ್ ಅನ್ನುವುದಷ್ಟನ್ನು ಓದಿ ಪಕ್ಕಕ್ಕೆ ತಳ್ಳಿದರು. ನಿಮ್ಮ ಕಡೆ ಹೆಂಗಸರೂ ಕುಡಿಯುವುದು ನಮಗೇನು ಗೊತ್ತಿಲ್ಲವೇ ಅಂತ ನಕ್ಕರು.

“ಕುಡ್ದಿಲ್ಲ ಸಾ. ಜ್ವರಕ್ಕೆ ಬಡಬಡಿಸ್ತಿದಾಳೆ.”

“ನಂಗೆ ಹೇಳ್ಕೊಡೋಕೆ ಬಂದ್ಯಾ? ನಶೆ ಇಳಿದ ಮೇಲೆ ಕರ್ಕೊಂಡ್ ಬಾ, ಹೋಗು.”

ಹೊರಗಿನ ಸಿಮೆಂಟು ಕಟ್ಟೆಯ ಮೇಲೆ ಮಲಗಿಸಿದೆ. ಡಾಕ್ಟರ ಮಾತು ಕೇಳಿಸಿಕೊಂಡವರು ಸೆರಗು ಒತ್ತಿ ಹಿಡಿದು ದಾಟಿ ಹೋದರು. ಇವನ ಮನೆ ಹಾಳಾಗ, ಸೂಳೆಮಗ ಅಂತ ಒಳಗೊಳಗೇ ಬೈದೆ. ಹೀಗೆ ಬೈದು ಬೈದೇ ನನ್ನ ಆಯುಷ್ಯ ಸವೆದಿದೆ, ಒಬ್ಬನ ಮನೆಯೂ ಹಾಳಾಗಿಲ್ಲ. ಶರಾವತಿ ಕಣ್ಣು ಬಿಟ್ಟು, ನೀನ್ಯಾರು ಅಂತ ನನ್ನನ್ನೇ ಕೇಳಿದಳು. ಇನ್ನು ಕೂತರೆ ಇವಳು ನನಗೆ ಉಳಿಯುವುದಿಲ್ಲ ಅನ್ನಿಸಿತು.

ಎತ್ತಿಕೊಂಡು ಒಳಗೆ ನಡೆದೆ. ಡಾಕ್ಟರು ರೋಗಿಗಳನ್ನು ನೋಡುವ ಮಂಚದ ಮೇಲೆ ಅವಳನ್ನು ಮಲಗಿಸಿ, ಬಾಗಿಲ ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತುಬಿಟ್ಟೆ. ಡಾಕ್ಟರು ದಡಬಡಿಸಿ ಎದ್ದರು. ಪೊಲೀಸರಿಗೆ ಫೋನ್ ಮಾಡುತ್ತೇನೆ ಅಂದರು.

“ಮಾಡಿ ಸಾ,” ಅಂದೆ. ಕೂಗಾಡುವ ಶಕ್ತಿ ನನ್ನಲ್ಲಿರಲಿಲ್ಲ. “ಅವ್ರು ಬರೋ ತನ್ಕ ನನ್ ಮಗ್ಳ ಹಣೆ ಒಂಚೂರು ಮುಟ್ಟಿ ನೋಡಿ.”

ಶರಾವತಿ ನಡುಗುವುದಕ್ಕೆ ಮಂಚವೂ ಕಟಕಟ ಅನ್ನುತ್ತಿತ್ತು. ಡಾಕ್ಟರು ಫೋನ್ ಕಿವಿಗಿಟ್ಟುಕೊಂಡು, ಅವಳ ಕಾಲು ತಾಗದ ಹಾಗೆ ಗೋಡೆಗೆ ಒತ್ತಿ ನಿಂತರು.